ಕೈ ಮುಟ್ಟದ ಬಿತ್ತನೆ

ಕುಬೇರಪ್ಪನ ಹೊಲದಲ್ಲಿ ಮಷಿನ್ ಬಿತ್ತಿದ ಆಲೂಗಡ್ಡೆ ಒಂದೂ ಸಂದು ಬಿಡದೆ ಮೊಳೆತು ನಿಂತದ್ದಕ್ಕೆ ಕಾರಣ ಖೈರುನಬಿ. ಇದು ಕುಬೇರಪ್ಪನಿಗೆ ಗೊತ್ತು. ಮಷಿನ್ ಜೊತೆ ಬಂದ ಇಂಜಿನಿಯರ್ ಪ್ರಭುವಿಗೆ ಗೊತ್ತು. ಖೈರುನಬಿಯ ಜೊತೆ ಸೊಂಟ ಮುರಿದುಕೊಂಡು ದುಡಿದ ಬಾಷಾಬಿಗೂ ಗಾಳೆವ್ವನಿಗೂ ಗೊತ್ತು. ಬಮ್ಮಿಗಟ್ಟಿಯ ಉಳಿದ ಮಂದಿಗೆ ಗೊತ್ತಿಲ್ಲ. ಗೊತ್ತಾಗಬಾರದು ಎಂದೇ ಮೂವರು ಹೆಂಗಸರನ್ನೂ ಟ್ರ್ಯಾಲಿಗೆ ಹತ್ತಿಸಿ, ಬೀಜದ ಚೀಲಗಳ ನಡುವೆ ಮಲಗಿಸಿ, ಮೇಲೆ ತಾಡಪತ್ರಿ ಎಳೆದಿದ್ದರು. ಮಳೆ ಬಂದಾಗ ಗೊಬ್ಬರದ ಚೀಲದ ಮೇಲೆ ಎಳೆಯುತ್ತಾರಲ್ಲ, ಅದೇ ತಾಡಪತ್ರಿ. ವಾಸನೆಯೂ ಅದೇ.

ಅಲ್ಲಿಗೆ ಬರುವ ಮೊದಲು ಮಷಿನ್ನಿನ ವಿಚಾರ ಹೇಳಬೇಕು. ಇಲ್ಲದಿದ್ದರೆ ಸುಮ್ಮನೆ ಅದರ ತಲೆಗೆ ತಪ್ಪು ಕಟ್ಟಿದ ಹಾಗಾಗುತ್ತದೆ. ಅದು ಪಾಪದ್ದು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಒಂದು ದೊಡ್ಡ ಡಬ್ಬಿ. ಕೊಯ್ದ ಆಲೂಗಡ್ಡೆಯ ಹೋಳುಗಳನ್ನು ಅದರೊಳಗೆ ಸುರಿಯಬೇಕು. ಒಳಗೊಂದು ಪಟ್ಟಿ ತಿರುಗುತ್ತದೆ. ಪಟ್ಟಿಯ ಉದ್ದಕ್ಕೂ ಬಟ್ಟಲುಗಳು. ಒಂದೊಂದು ಬಟ್ಟಲು ಒಂದೊಂದು ಹೋಳನ್ನು ಎತ್ತಿಕೊಂಡು ಹೋಗಿ ಸಾಲಿನಲ್ಲಿ ಬೀಳಿಸಬೇಕು. ಬಟ್ಟಲು ಖಾಲಿ ಬಂದರೆ? ಅದಕ್ಕೇ ಮೇಲೊಂದು ಕ್ಯಾಮೆರಾ. ಬಟ್ಟಲು ಖಾಲಿ ಕಂಡರೆ ಅದು ಬಾಜುವಿನ ಸಣ್ಣ ಡಬ್ಬಿಗೆ ಹೇಳುತ್ತದೆ. ಸಣ್ಣ ಡಬ್ಬಿ ತನ್ನ ಕಡೆಯಿಂದ ಒಂದು ಹೋಳು ಹಾಕಿ ಸಂದು ತುಂಬುತ್ತದೆ. ಎಷ್ಟು ತುಂಬಿದವು, ಎಷ್ಟು ಖಾಲಿ ಹೋದವು ಎಂಬುದೆಲ್ಲ ಒಂದು ಪರದೆಯ ಮೇಲೆ ಬರುತ್ತದೆ.

ಕ್ಯಾಮೆರಾಕ್ಕೆ ಗಡ್ಡೆಯ ಗುರುತು ಕಲಿಸಿದವನು ಪ್ರಭು.

"ಬಟಾಟಿ ಫೋಟೋ ತೋರಿಸಿ ತೋರಿಸಿ ಎರಡು ವರ್ಷ ಆತು ನೋಡ್ರಿ ಇದಕ್ಕ," ಎಂದು ಮೊದಲ ದಿನ ಅವನು ಹೆಮ್ಮೆಯಿಂದ ಹೇಳಿದ್ದ.

"ಎರಡು ವರ್ಷ? ಯಪ್ಪಾ, ನಮ್ಮ ಹುಡುಗ ಒಂದ ಸಲ ಪಲ್ಯಾ ಉಂಡು ಗುರ್ತ ಹಿಡಿದಿತ್ತಲ್ರಿ," ಎಂದಳು ಖೈರುನಬಿ.

ಪ್ರಭು ಮನಸಾರೆ ನಕ್ಕ. ಒಳ್ಳೆಯವನೇ. ಆದರೆ ಕುಬೇರಪ್ಪ ಎದುರು ಬಂದನೆಂದರೆ ಆ ನಗುವನ್ನು ಗುಳಿಗೆಯ ಹಾಗೆ ನುಂಗಿಬಿಡುತ್ತಿದ್ದ.

ಕಂಪನಿಯ ಅಂಗಳದಲ್ಲಿ ಮಷಿನ್ ಹೂವಿನ ಹಾಗೆ ಓಡಿತ್ತಂತೆ. ಬಮ್ಮಿಗಟ್ಟಿಗೆ ಬಂದ ಮೇಲೆ ಅದಕ್ಕೆ ಇಲ್ಲಿಯ ಮಣ್ಣಿನ ಪರಿಚಯವಾಯಿತು. ಹಸಿ ಎರೆಮಣ್ಣು ಬಟ್ಟಲಿಗೆ ಮೆತ್ತಿಕೊಂಡಿತು. ಮೆತ್ತಿದ ಮಣ್ಣೂ ಮಣ್ಣು ಹತ್ತಿದ ಹೋಳೂ ಒಂದೇ ಗಾತ್ರ, ಒಂದೇ ಬಣ್ಣ. ಕ್ಯಾಮೆರಾ ಮಣ್ಣನ್ನು ನೋಡಿ ಗಡ್ಡೆ ಎಂದಿತು, ಬಟ್ಟಲು ತುಂಬಿದೆ ಎಂದಿತು, ಸಾಲಿನಲ್ಲಿ ಮಾತ್ರ ಏನೂ ಬೀಳಲಿಲ್ಲ. ಇದನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿದವನೂ ಪ್ರಭುವೇ. ತಲೆ ಕೆರೆದುಕೊಂಡು ಬಂದು ಕುಬೇರಪ್ಪನಿಗೆ ಹೇಳಿದ.

"ಸರ್, ಇಲ್ಲಿ ಮಣ್ಣಿಂದು ಬ್ಯಾರೆ ಫೋಟೋ ತಗದು ಕಲಿಸಬೇಕಾಕ್ಕೈತ್ರಿ. ಮುಂದಿನ ಹಂಗಾಮಿಗೆ ಅಗದಿ ಸರಿ ಮಾಡ್ತೇವ್ರಿ."

"ಮುಂದಿನ ಹಂಗಾಮಿನ ಮಾತು ಬ್ಯಾಡ. ಈ ಹಂಗಾಮಿಗೆ ಹೆಣ್ಣಾಳು ಅದಾವಲ್ಲ," ಎಂದ ಕುಬೇರಪ್ಪ.

ಕುಬೇರಪ್ಪನಿಗೆ ಅವಸರವಿತ್ತು. ಕಳಘಟಗಿ ತಾಲೂಕಿಗೆಲ್ಲ ಮಷಿನ್ ಮಾರುವ ಏಜೆನ್ಸಿ ಹಿಡಿದಿದ್ದ. ಆಗಲೇ ಬ್ಯಾನರ್ ಬರೆಸಿ ಹೊಲದ ದಾರಿಗೆ ಕಟ್ಟಿಸಿದ್ದ. 'ಕೈ ಮುಟ್ಟದ ಬಿತ್ತನೆ' ಎಂದು ಮೇಲೆ. ಕೆಳಗೆ ಮಷಿನ್ನಿನ ಚಿತ್ರ. ಬಾಜುವಿಗೆ ರುಮಾಲು ಸುತ್ತಿ ಕೈಮುಗಿದ ಕುಬೇರಪ್ಪನ ಚಿತ್ರ, ಮಷಿನ್ನಿಗಿಂತ ಎರಡು ಪಟ್ಟು ದೊಡ್ಡದು. ಬಟ್ಟೆಗೆ ಬಂದ ಅಂಥ ಮಾತನ್ನು ಬದಲಿಸುವುದು ಹೇಗೆ?

ಹೀಗಾಗಿ ಮಷಿನ್ ಮುಂದೆ, ಮೂವರು ಹೆಂಗಸರು ಹಿಂದೆ. ಮಷಿನ್ ಸಾಲು ಮುಚ್ಚಿಕೊಂಡು ಹೋಗುತ್ತಿತ್ತು. ಮುಚ್ಚಿದ ಮಣ್ಣಿನೊಳಗೆ ಬೆರಳು ಹಾಕಿ, ಗಡ್ಡೆ ತಾಗುತ್ತದೋ ಇಲ್ಲವೋ ಎಂದು ತಡವಬೇಕು. ತಾಗಿದರೆ ಮುಂದಿನ ಜಾಗ. ತಾಗದಿದ್ದರೆ ಉಡಿಯಿಂದ ಒಂದು ಹೋಳು ತೆಗೆದು ಊರಬೇಕು. ಮೊದಲು ತಾವೇ ಬಿತ್ತುವಾಗ ಒಂದು ಸಲ ಬಗ್ಗಿದರೆ ಸಾಕಿತ್ತು. ಈಗ ಹುಡುಕಲು ಒಂದು ಸಲ, ಊರಲು ಒಂದು ಸಲ. ಉಗುರಿನ ಸಂದಿಗೆ ಎರೆಮಣ್ಣು ಸೇರಿ ಬೆರಳು ಸೀಳಿದವು. ಸಂಜೆ ರೊಟ್ಟಿ ತಟ್ಟುವಾಗ ಹಿಟ್ಟಿನ ಉಪ್ಪು ತಾಗಿ ಉರಿಯುತ್ತಿತ್ತು. ಬಾಷಾಬಿಗಂತೂ ನೆಟ್ಟಗಾಗುವುದೇ ಮರೆತುಹೋಗಿ, ಮನೆಗೆ ಹೋಗುವಾಗಲೂ ದಾರಿಯಲ್ಲಿ ಏನೋ ಹುಡುಕುವವಳ ಹಾಗೆ ನಡೆಯುತ್ತಿದ್ದಳು. ಬಾಷಾಬಿ ಖೈರುನಬಿಯ ತಾಯಿಯ ತಂಗಿ, ವಯಸ್ಸಾದವಳು. ಖೈರುನಬಿ ಅವಳನ್ನು ಖಾಲಾ ಎನ್ನುತ್ತಿದ್ದಳು.

ಆ ಹೊಲದ ಕೊನೆಯ ಭಾಗ ಬಿತ್ತುವ ದಿನ ಕಂಪನಿಯವರು ವಿಡಿಯೋ ತೆಗೆಯಲು ಬಂದರು. ಮೊದಲ ಸಲ ತಾಡಪತ್ರಿ ಎಳೆದದ್ದು ಅವತ್ತು. "ಸ್ವಲ್ಪ ಹೊತ್ತು ಮಲಕೊಂಡಿರ್ರಿ, ಆರಾಮ ತಗೋರಿ," ಎಂದ ಕುಬೇರಪ್ಪ. ಏನು ದೊಡ್ಡ ಮನಸ್ಸು! ಅವನ ಹೊಲದಲ್ಲಿ ಹಗಲು ಹೊತ್ತು ಆಳಿಗೆ ಮಲಗು ಎಂದದ್ದು ಅದೇ ಮೊದಲು. ಕಂಪನಿಯವರು ಹಾರುವ ಕ್ಯಾಮೆರಾ ಬಿಟ್ಟರು. ಮೇಲಿಂದ ತೆಗೆದರು, ಕೆಳಗಿಂದ ತೆಗೆದರು, ಚಹಾ ಕುಡಿದು ಮತ್ತೆ ತೆಗೆದರು. ತಾಡಪತ್ರಿಯ ಕೆಳಗೆ ಬೆವರು ಕುದಿಯಿತು. ಬಾಷಾಬಿ ಮೂರು ಸಲ "ಅಮ್ಮಾ, ಹೋಗಬೇಕಾಗೇತಿ" ಎಂದಳು. ಖೈರುನಬಿ ತಾಡಪತ್ರಿಯ ಅಂಚು ಎತ್ತಿ ಕುಬೇರಪ್ಪನಿಗೆ ಸನ್ನೆ ಮಾಡಿದಳು. ಅವನು ಕಣ್ಣು ಕೆಕ್ಕರಿಸಿ, ಕೈ ಅಡ್ಡ ಆಡಿಸಿ, ತಡೀರಿ ಎಂದ. ಎಷ್ಟಂತ ತಡೆದಾಳು? ಮಕ್ಕಳು ಮೊಮ್ಮಕ್ಕಳನ್ನು ಕಂಡ ಹೆಂಗಸು ಉಟ್ಟ ಸೀರೆಯಲ್ಲೇ, ಬೀಜದ ಚೀಲದ ಮೇಲೇ ಒದ್ದೆ ಮಾಡಿಕೊಂಡಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಮುಖ ಆ ಕಡೆ ಮಾಡಿ ಮಲಗಿದಳು. ಮನೆಗೆ ಹೋಗುವಾಗ ಇಬ್ಬರನ್ನೂ ಮುಂದೆ ಬಿಟ್ಟು ತಾನು ಹಿಂದೆ ಬಂದಳು. ಖೈರುನಬಿಗೆ ಅವತ್ತು ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ತೀರಿಸಬೇಕೆಂದು ಗೊತ್ತಾಗದೆ ಮನೆಯಲ್ಲಿ ಕೊಡಕ್ಕೆ ಒದ್ದಳು. ಕಾಲೇ ನೊಂದಿತು.

ಮುಂದೆ ಬಿಸಿಲು ಬಿತ್ತು, ಮಳೆ ಹದವಾಗಿ ಬಂತು, ಹೊಲ ಎದ್ದಿತು. ಎಂಥಾ ಚೆಂದ ಎದ್ದಿತೆಂದರೆ ಕಂಬಳಿಗೆ ಹಸಿರು ಪಟ್ಟಿ ನೇಯ್ದ ಹಾಗೆ. ಒಂದೂ ಸಂದಿಲ್ಲ. ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನೋಡಿ ಹೋಗುತ್ತಿದ್ದರು. ವಿಡಿಯೋ ಫೋನಿನಿಂದ ಫೋನಿಗೆ ಓಡಿತು. ಕೊನೆಗೆ ಖೈರುನಬಿಯ ಗಂಡ ಗೌಸ್‌ನ ಫೋನಿಗೂ ಬಂತು. ಗೌಸ್ ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡುವವನು, ಮಷಿನ್ ಎಂದರೆ ಸಾಕು, ಬಾಯಿ ತೆರೆದು ನಿಲ್ಲುವವನು. ಉಣ್ಣುತ್ತಾ ಕುಳಿತ ಹೆಂಡತಿಯ ಮೂಗಿನ ಕೆಳಗೆ ಫೋನ್ ಹಿಡಿದ.

"ನೋಡು, ಒಂದ ಆಳಿಲ್ಲ. ಹೆಂಗ ಹಚ್ಚೇತಿ ನೋಡು. ಇನ್ನ ನಿಮ್ಮ ಕೆಲಸ ಹೋತು ತಗೋ, ಮನ್ಯಾಗ ಆರಾಮ ಕುಂದ್ರು."

"ಅದನ್ನ ಹಚ್ಚಿದಾಕಿ ನಾನ."

"ನೀನ? ಮತ್ತ ಇದ್ರಾಗ ಎಲ್ಲಿ ಅದೀ?"

ಖೈರುನಬಿ ಫೋನಿನೊಳಗೆ ಬೆರಳಿಟ್ಟು ತೋರಿಸಿದಳು. ಹೊಲದ ಅಂಚಿಗೆ ನಿಂತ ಟ್ರ್ಯಾಲಿ. ಮೇಲೆ ನೀಲಿ ತಾಡಪತ್ರಿ. ನಡುವೆ ಸಣ್ಣಗೆ ಉಬ್ಬಿದ್ದು ಅವಳ ಮೊಣಕಾಲು. ಗೌಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಮುಖ ನೋಡಿದ ಮೇಲೆ ನಗು ನಿಲ್ಲಿಸಿದ.

ಅವಳಿಗೆ ಚುಚ್ಚಿದ್ದು ಅದೇ. ಹೊಲ ಚೆಂದ ಎದ್ದಷ್ಟೂ ಮಷಿನ್ನಿಗೆ ಹೆಸರು. ಮಷಿನ್ನಿಗೆ ಹೆಸರು ಬಂದಷ್ಟೂ ಇವಳನ್ನು ಬಿತ್ತನೆಗೆ ಕರೆಯುವವರು ಕಡಿಮೆ. ತನ್ನ ಕೈಯಿಂದಲೇ ತನ್ನ ಅನ್ನಕ್ಕೆ ಮಣ್ಣು ಹಾಕಿಸುತ್ತಿದ್ದಾರೆ, ಅದನ್ನೂ ಮಲಗಿಸಿ, ಮುಖ ಮುಚ್ಚಿಸಿ. ತಾನು ಹಚ್ಚಿದ್ದನ್ನು ತಾನೇ ಹಚ್ಚಿದೆ ಎನ್ನುವ ಹಾಗಿಲ್ಲ. ಬಾಯಿ ಬಿಟ್ಟರೆ ಮುಂದಿನ ಕೆಲಸಕ್ಕೆ ಕರೆಯುವುದಿಲ್ಲ ಎಂದು ಕುಬೇರಪ್ಪ ಮೊದಲೇ ಹೇಳಿದ್ದ.

ಗಾಳೆವ್ವನಿಗೆ ಬ್ಯಾನರ್ ಓದಿ ಹೇಳಿದಾಗ ಅವಳು ಬೇರೆಯೇ ಮಾತು ತೆಗೆದಳು. ಕುಬೇರಪ್ಪನ ಮನೆಯ ಹಿತ್ತಿಲಲ್ಲಿ ಅವಳಿಗೆ ಇವತ್ತಿಗೂ ನೀರನ್ನು ಮೇಲಿಂದ ಹೊಯ್ಯುತ್ತಾರೆ, ಬೊಗಸೆ ಒಡ್ಡಿ ಕುಡಿಯಬೇಕು.

"ಕೈ ಮುಟ್ಟದ್ದು ಅಂತ ಬರಸ್ಯಾನ? ಹಂಗಾರ ಕೇರಿ ಕೈ ಊರ ಬಾಯಿಗೆ ಹೋಗಿದ್ದು ಯಾರಿಗೂ ಗೊತ್ತಾಗೂದಿಲ್ಲ ಬಿಡು. ಹೊಟ್ಟಿ ತುಂಬ ಉಣ್ಣಲಿ," ಎಂದು ಎಲೆಅಡಿಕೆ ಉಗುಳಿದಳು.

ಇಷ್ಟಾದ ಮೇಲೂ ದೊಡ್ಡ ಪ್ರದರ್ಶನದ ದಿನ ಮೂವರೂ ಹೋದರು. ಯಾಕೆ ಹೋದರು ಎಂದು ಕೇಳುವವರು ಒಂದು ಹಂಗಾಮು ಕೂಲಿಯಿಲ್ಲದೆ ಕುಳಿತು ನೋಡಬೇಕು. ತಂಬೂರ, ಯರಗುಪ್ಪಿ ಕಡೆಯಿಂದೆಲ್ಲ ರೈತರನ್ನು ಕರೆಸಿದ್ದ ಕುಬೇರಪ್ಪ. ತಡವಾದ ಬಿತ್ತನೆಗೆಂದು ಒಂದು ಪಟ್ಟಿ ಹೊಲ ಉಳಿಸಿಕೊಂಡಿದ್ದ, ಎದುರಿಗೆ ಎಲ್ಲರೂ ಹೊಗಳಿದ ಹಸಿರು ಹೊಲ. ಶಾಮಿಯಾನ, ಮೈಕು, ಖುರ್ಚಿ. ಗೋಧಿ ಹುಗ್ಗಿಯ ವಾಸನೆ. ಮೂವರನ್ನೂ ಬೆಳಗಿನಲ್ಲೇ ಟ್ರ್ಯಾಲಿಗೆ ಹತ್ತಿಸಿ ತಾಡಪತ್ರಿ ಎಳೆದರು. ಬಾಷಾಬಿ ಎದ್ದಾಗಿನಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ.

ತಾಡಪತ್ರಿಗೆ ಒಂದು ತೂತು ಇತ್ತು. ಖೈರುನಬಿ ಅದಕ್ಕೆ ಕಣ್ಣಿಟ್ಟಳು. ಮೊದಲು ಮಷಿನ್ ಪೂಜೆ. ಬಿತ್ತನೆ ಎಂದ ಮೇಲೆ ಕೂರಿಗೆಯಾದರೇನು ಮಷಿನ್ ಆದರೇನು, ಪೂಜೆ ಆಗಲೇಬೇಕು. ಕುಬೇರಪ್ಪನ ಹೆಂಡತಿ ನೀಲಕ್ಕ ಆರತಿ ತಟ್ಟೆ ಹಿಡಿದು ಬಂದಳು. ಭಕ್ತಿಯ ಹೆಂಗಸು. ಅವಳ ಮನೆಯಲ್ಲಿ ಫ್ರಿಜ್ಜಿಗೂ ವಿಭೂತಿ, ಮಿಕ್ಸರಿಗೂ ವಿಭೂತಿ. ಈಗ ಮಷಿನ್ನಿನ ಹಣೆ ಎಲ್ಲಿದೆ ಎಂದು ಹುಡುಕಿದಳು. ಸುತ್ತಿ ಬಂದಳು. ಪ್ರಭು ಒರೆಸಲೆಂದು ಡಬ್ಬಿಯ ಮುಚ್ಚಳ ತೆಗೆದಿಟ್ಟಿದ್ದ ಕಡೆ, ನಟ್ಟನಡುವೆ, ದುಂಡಗೆ ಹೊಳೆಯುವ ಗಾಜು ಕಂಡಿತು. ಇದಕ್ಕಿಂತ ಒಳ್ಳೆಯ ಹಣೆ ಯಾವ ಮಷಿನ್ನಿಗಿದ್ದೀತು? ಮೂರು ಬೆರಳು ವಿಭೂತಿಯಲ್ಲಿ ಅದ್ದಿ ಗಾಜಿನ ಮೇಲೆ ನೀಟಾಗಿ ಮೂರು ಪಟ್ಟಿ ಎಳೆದಳು. ನಡುವೆ ಕುಂಕುಮ ಇಟ್ಟಳು. ಕೈಮುಗಿದು ಮುಚ್ಚಳ ಹಾಕಿದಳು. ಪ್ರಭು ಆಗ ಮೈಕಿನ ವೈರು ಹುಡುಕುತ್ತಿದ್ದ.

"ಗಾಳೆವ್ವಾ, ಕ್ಯಾಮೆರಾಕ್ಕ ವಿಭೂತಿ ಹಚ್ಚಿದ್ರು," ಎಂದು ಪಿಸುಗುಟ್ಟಿದಳು ಖೈರುನಬಿ.

"ಹಚ್ಚಲಿ ಬಿಡು, ಪುಣ್ಯಾ ಬರ್ತೈತಿ."

"ಅದಕ್ಕ ಏನೂ ಕಾಣೂದಿಲ್ಲ ಬೇ ಇನ್ನ. ಹೇಳಬೇಕೇನು?"

"ಹೇಳು. ಟ್ರ್ಯಾಲ್ಯಾಗಿಂದ ಚೀಲ ಮಾತಾಡಾಕ ಹತ್ತೇತಿ ಅಂತ ಮಂದಿ ಓಡ್ಲಿ," ಎಂದಳು ಗಾಳೆವ್ವ. ಮೂವರೂ ಸೆರಗು ಕಚ್ಚಿ ನಕ್ಕರು. ಬಾಷಾಬಿ ಬೇಗ ನಗು ನಿಲ್ಲಿಸಿದಳು, ಅವಳಿಗೆ ನಗುವುದೂ ಅಪಾಯವೇ ಆಗಿತ್ತು.

ಮಷಿನ್ ಹೊರಟಿತು. ಕ್ಯಾಮೆರಾಕ್ಕೆ ಎಲ್ಲಿ ನೋಡಿದರೂ ಬೆಳ್ಳಗೆ ವಿಭೂತಿ. ಅದನ್ನು ಪ್ರತಿ ಬಟ್ಟಲಲ್ಲೂ ಕೂತ ಕೊಯ್ದ ಗಡ್ಡೆ ಎಂದು ತಿಳಿದು, ಸಣ್ಣ ಡಬ್ಬಿಗೆ ಒಮ್ಮೆಯೂ ಹೇಳಲಿಲ್ಲ. ಶಾಮಿಯಾನದ ದೊಡ್ಡ ಪರದೆಯ ಮೇಲೆ ಎಲ್ಲ ಬಟ್ಟಲೂ ತುಂಬಿದೆ, ಒಂದೂ ಖಾಲಿಯಿಲ್ಲ, ನೂರಕ್ಕೆ ನೂರು ಎಂದು ಬಂತು. ಕಂಪನಿಯ ಅಂಗಳದಲ್ಲೂ ಅದಕ್ಕೆ ಅಷ್ಟು ಬಂದಿರಲಿಲ್ಲ. ರೈತರು ಚಪ್ಪಾಳೆ ಹೊಡೆದರು. ಪ್ರಭು ಮಾತ್ರ ಪರದೆ ನೋಡಿ ಹುಬ್ಬು ಗಂಟಿಕ್ಕಿದ.

ಕುಬೇರಪ್ಪ ಮೈಕ್ ಹಿಡಿದ.

"ನೋಡ್ರಿ, ಒಂದ ಆಳಿಲ್ಲ. ಈ ಹೆಣ್ಣಾಳಿನ ಕತಿ ನಿಮಗೇನು ಹೇಳೂದು? ಹೊತ್ತೇರಿದ ಮ್ಯಾಲೆ ಬರ್ತಾವ. ಬಂದ ಕೂಡ್ಲೆ ಎಲಿಅಡಿಕಿ ಸಂಚಿ ಬಿಚ್ಚತಾವ. ಮಾತಂದ್ರ ಮಾತು. ಒಂದ ಕಡೆ ಎರಡು ಹಾಕ್ತಾವ, ಇನ್ನೊಂದ ಕಡೆ ಬಿಡ್ತಾವ. ಈ ಮಷಿನ್ ಎಲಿ ತಿನ್ನೂದಿಲ್ಲ, ಮಾತಾಡೂದಿಲ್ಲ, ಉಚ್ಚಿಗೆ ಹೋಗೂದಿಲ್ಲ!"

ಜನ ಗೊಳ್ಳೆಂದು ನಕ್ಕರು. ತಾಡಪತ್ರಿಯ ಕೆಳಗೆ ಗಾಳೆವ್ವ ಅಗಿಯುತ್ತಿದ್ದ ಬಾಯಿ ನಿಲ್ಲಿಸಿದಳು. ಬಾಷಾಬಿಯ ಕೈ ಬಂದು ಖೈರುನಬಿಯ ಕೈ ಹಿಡಿಯಿತು. ಖೈರುನಬಿಗೆ ಮೈಯೆಲ್ಲ ಉರಿದುಹೋಯಿತು. ಅವನಿಗೆ ಗೊತ್ತಿತ್ತು. ಅವತ್ತು ಒದ್ದೆಯಾದ ಚೀಲ ಅವನೇ ಎತ್ತಿಸಿ ಬಿಸಿಲಿಗೆ ಹಾಕಿಸಿದ್ದ. ಗೊತ್ತಿದ್ದೂ ಅದನ್ನು ಮೈಕಿನಲ್ಲಿ ನಗೆ ಮಾಡಿದ.

ಅಷ್ಟು ಹೊತ್ತಿಗೆ ಮಷಿನ್ ಎರಡು ಸಾಲು ಮುಗಿಸಿ ನಿಂತಿತ್ತು. ಪ್ರಭು ಓಡಿಹೋಗಿ ಮುಚ್ಚಳ ತೆಗೆದ. ನೋಡಿದ. ಮುಖ ಬಿಳುಚಿತು. ಬಂದು ಕುಬೇರಪ್ಪನ ಕಿವಿಯಲ್ಲಿ ಉಸುರಿದ. ಕುಬೇರಪ್ಪ ಹೆಂಡತಿಯ ಕಡೆ ನೋಡಿದ. ನೀಲಕ್ಕ ಮಷಿನ್ ಇಷ್ಟು ಚೆಂದ ಓಡಿದ್ದು ತನ್ನ ಪೂಜೆಯಿಂದಲೇ ಎಂಬ ತೃಪ್ತಿಯಲ್ಲಿ ನಗುತ್ತಿದ್ದಳು.

ರೈತರಲ್ಲಿ ಯರಗುಪ್ಪಿಯ ಶಿದ್ಲಿಂಗಪ್ಪ ಎಂಬ ಹಿರಿಯನಿದ್ದ. ಎದ್ದು ನಿಂತು, "ಸಾಲು ಒಂದೀಟು ಕೆದರಿ ನೋಡೂಣಲ್ಲ," ಎಂದ.

"ಉಂಡು ನೋಡ್ರಿ ಕಾಕಾ, ಹುಗ್ಗಿ ಆರ್ತೈತಿ. ಉಂಡು ಎಷ್ಟ ಬೇಕಾದ್ರೂ ಕೆದರ್ರಿ," ಎಂದು ಕುಬೇರಪ್ಪ ಅವನ ತೋಳು ಹಿಡಿದು ಊಟಕ್ಕೆ ಕೂಡಿಸಿದ. ಎಲ್ಲರನ್ನೂ ಕೂಡಿಸಿ, ಎಲೆಗೆ ಹುಗ್ಗಿ ಬೀಳುವ ತನಕ ನಿಂತು, ಹಿಂದಿನಿಂದ ಟ್ರ್ಯಾಲಿಗೆ ಓಡಿ ಬಂದ. ಧೋತರದ ಚುಂಗು ಕೈಯಲ್ಲಿತ್ತು. ತಾಡಪತ್ರಿಯ ಅಂಚು ಎತ್ತಿದ.

"ಲಗೂನ ಇಳೀರಿ. ಎರಡೂ ಸಾಲು ಖಾಲಿ ಹೋಗ್ಯಾವ. ಬದುವಿನ ಆ ಕಡೆಯಿಂದ ಬಗ್ಗಿಕೊಂತ ಹೋಗ್ರಿ, ತಲಿ ಎತ್ತಬ್ಯಾಡ್ರಿ. ಅವರು ಉಣ್ಣೂದ್ರಾಗ ತುಂಬಿ ಬಂದು ಮತ್ತ ಮಲಕೋರಿ."

ಯಾರೂ ಅಲುಗಲಿಲ್ಲ.

"ಏ, ಕೇಳಲಿಲ್ಲೇನು?"

"ಇಲ್ಲಿ ಯಾರೂ ಇಲ್ರಿ," ಎಂದಳು ಖೈರುನಬಿ. ಮಲಗಿದ್ದಲ್ಲಿಂದಲೇ, ಆಕಾಶ ನೋಡುತ್ತಾ.

"ಏನು?"

"ಈಗ ಮೈಕಿನ್ಯಾಗ ನೀವ ಹೇಳಿದ್ರಲ್ರಿ, ಒಂದ ಆಳಿಲ್ಲ ಅಂತ. ಇಲ್ಲದ ಮಂದಿ ಹೆಂಗ ಇಳೀಬೇಕ್ರಿ?"

ಹೀಗೆಂದು ಅಂಚನ್ನು ಅವನ ಕೈಯಿಂದ ಕಿತ್ತು ಮತ್ತೆ ಹೊದ್ದುಕೊಂಡಳು. ಕುಬೇರಪ್ಪ ಎಳೆದ. ಒಳಗಿನಿಂದ ಗಾಳೆವ್ವನೂ ಸೇರಿ ಎಳೆದಳು. ಹೊರಗೆ ಅವನೊಬ್ಬ, ಒಳಗೆ ಎರಡು ಜೋಡಿ ಕೈ, ಅದೂ ಹಂಗಾಮಿಡೀ ಮಣ್ಣು ಬಗೆದ ಕೈ. ಅವನ ರುಮಾಲು ಜಾರಿ ಕಿವಿಗೆ ಬಂತು.

"ಇಳೀಲಿಲ್ಲಂದ್ರ ಇನ್ನ ಮುಂದ ಯಾವ ಹೊಲದಾಗೂ ಕೆಲಸ ಸಿಗೂದಿಲ್ಲ ನೋಡ್ರಿ. ಎಲ್ಲಾ ಊರಿಗೂ ಹೇಳಿ ಇಡ್ತೇನಿ."

ಇದು ಸುಳ್ಳು ಬೆದರಿಕೆಯಲ್ಲ. ಗೌಸ್‌ನ ವೆಲ್ಡಿಂಗು ಒಂದು ದಿನ ಉಂಟು ಒಂದು ದಿನ ಇಲ್ಲ. ಇಳಿದು ಬಗ್ಗಿ ಹೋಗಿ ಬಂದರೆ ಎಲ್ಲ ಮುಗಿಯುತ್ತದೆ. ಒಂದು ಕ್ಷಣ ಖೈರುನಬಿಯ ಹಿಡಿತ ಸಡಿಲವಾಯಿತು.

ಆಗ ಬಾಷಾಬಿ ಎದ್ದಳು. ತಾಡಪತ್ರಿ ಅವಳ ತಲೆಯ ಮೇಲಿಂದ ಜಾರಿ ಬಿತ್ತು. ಚೀಲದ ಮೇಲೆ ಕಾಲಿಟ್ಟು, ಟ್ರ್ಯಾಲಿಯ ಹಲಗೆ ಹಿಡಿದು, ನಿಧಾನ ಕೆಳಗಿಳಿದಳು.

"ಎಲ್ಲಿಗೆ?" ಎಂದ ಕುಬೇರಪ್ಪ.

"ಉಚ್ಚಿಗೆ," ಎಂದಳು ಬಾಷಾಬಿ.

ಬದುವಿನ ಕಡೆಯಿಂದ ಹೋಗಲಿಲ್ಲ. ಬಗ್ಗಲಿಲ್ಲ. ಇಷ್ಟು ದಿನ ನೆಟ್ಟಗಾಗದ ಸೊಂಟ ಅವತ್ತು ಎಷ್ಟು ಸಾಧ್ಯವೋ ಅಷ್ಟು ನೆಟ್ಟಗಾಗಿತ್ತು. ಕೂದಲಲ್ಲಿ ಚೀಲದ ನಾರು, ಸೀರೆಗೆ ಮಣ್ಣು. ಶಾಮಿಯಾನದ ನಡುವೆ, ಉಣ್ಣುವವರ ಎರಡು ಪಂಕ್ತಿಯ ನಡುವೆ ನಡೆದುಹೋದಳು. ತುತ್ತು ಎತ್ತಿದವರು ಎತ್ತಿದಂತೆಯೇ ನೋಡಿದರು.

"ಯಾರವಾ ನೀ? ಎಲ್ಲಿಂದ ಬಂದಿ?" ಎಂದ ಶಿದ್ಲಿಂಗಪ್ಪ.

"ಟ್ರ್ಯಾಲ್ಯಾಗಿಂದ ಬಂದೇನ್ರಿ. ಸರೀರಿ, ಅವಸರ ಐತಿ."

ಬಂದವರಿಗೆಂದು ಕುಬೇರಪ್ಪ ಹೊಸದಾಗಿ ಕಟ್ಟಿಸಿದ್ದ ಪಾಯಿಖಾನೆಯ ಬಾಗಿಲು ತೆಗೆದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅಲ್ಲಿ ಕಾಯುತ್ತಿದ್ದ ಒಬ್ಬ ದೊಡ್ಡ ಮನುಷ್ಯ ಹಿಂದೆ ಸರಿದು ನಿಂತ.

ಇನ್ನು ಮುಚ್ಚುವುದಕ್ಕೆ ಏನು ಉಳಿಯಿತು? ಎಲ್ಲರ ಮುಖ ಟ್ರ್ಯಾಲಿಯ ಕಡೆ ತಿರುಗಿತ್ತು. ಶಿದ್ಲಿಂಗಪ್ಪ ಕೈ ತೊಳೆದು ಎದ್ದ. ಅವನ ಹಿಂದೆ ಉಳಿದವರು. ಶಿದ್ಲಿಂಗಪ್ಪ ದಾರಿಯಲ್ಲೇ ಸಾಲಿಗೆ ಕೋಲು ಹಾಕಿ ಕೆದರಿದ. ಖಾಲಿ. ಮುಂದೆ ಕೆದರಿದ. ಒಂದು ಹೋಳು. ಮತ್ತೆ ಖಾಲಿ, ಖಾಲಿ. ಪರದೆ ಮಾತ್ರ ಇನ್ನೂ ನೂರಕ್ಕೆ ನೂರು ಎಂದು ಹೊಳೆಯುತ್ತಿತ್ತು.

"ಮತ್ತ ಆ ಹೊಲ?" ಎಂದು ಅವನು ಕೋಲಿನಿಂದ ಹಸಿರು ಹೊಲದ ಕಡೆ ತೋರಿಸಿದ. "ಅದನ್ನ ಯಾರು ಹಚ್ಚ್ಯಾರ?"

"ಮಷಿನ್ನ ಹಚ್ಚೇತ್ರಿ ಕಾಕಾ. ಇವ್ರು ಸುಮ್ನ ನೋಡಾಕ ಬಂದಾರ," ಎಂದ ಕುಬೇರಪ್ಪ, ರುಮಾಲು ಸರಿಪಡಿಸಿಕೊಳ್ಳುತ್ತಾ.

ತಾಡಪತ್ರಿ ಹೊದ್ದು ನೋಡಲು ಬಂದವರು! ಖೈರುನಬಿಗೆ ಆ ಮಾತು ಕೇಳಿ ನಗು ಬಂತು. ನಗುವಿನ ಜೊತೆಗೇ ಹೆದರಿಕೆ ಹೋಯಿತು. ಟ್ರ್ಯಾಲಿಯ ಮೇಲೆ ಎದ್ದು ನಿಂತಳು. ಅಷ್ಟು ಎತ್ತರದಿಂದ ಅಷ್ಟು ಗಂಡಸರ ತಲೆಗಳನ್ನು ಅವಳು ಯಾವತ್ತೂ ನೋಡಿರಲಿಲ್ಲ.

"ಅದನ್ನ ನಾ ಹಚ್ಚೇನ್ರಿ. ಹೆಸರು ಖೈರುನಬಿ. ಈಕಿ ಗಾಳೆವ್ವ. ಈಗ ಅಲ್ಲಿ ಒಳಗ ಹೋದಾಕಿ ನಮ್ಮ ಖಾಲಾ, ಬಾಷಾಬಿ. ಮಷಿನ್ ಬಿಟ್ಟಿದ್ದನ್ನ ಬೆರಳಿಟ್ಟು ಹುಡುಕಿ ಹುಡುಕಿ ನಾವು ಹಚ್ಚೇವ್ರಿ. ಮಂದಿ ಬಂದ್ರ ನಮ್ಮನ್ನ ಇದ್ರಾಗ ಹಾಕಿ ಮುಚ್ಚತಾರ್ರಿ. ಬೇಕಂದ್ರ ಇವರನ್ನ ಕೇಳ್ರಿ," ಎಂದು ಪ್ರಭುವಿನ ಕಡೆ ಕೈ ಮಾಡಿದಳು.

ಎಲ್ಲರೂ ಪ್ರಭುವನ್ನು ನೋಡಿದರು. ಪ್ರಭು ಕುಬೇರಪ್ಪನನ್ನು ನೋಡಿದ. ನುಂಗುವುದಕ್ಕೆ ಈ ಸಲ ನಗುವೂ ಇರಲಿಲ್ಲ.

"ಖರೇ ಐತ್ರಿ," ಎಂದ. "ಇವರ ಹಚ್ಚ್ಯಾರ್ರಿ."

ಯಾರೋ ಹಿಂದಿನಿಂದ ಸಣ್ಣಗೆ ಸೀಟಿ ಹೊಡೆದರು. ಕುಬೇರಪ್ಪನ ಮುಖ ಗಜ್ಜರಿಯ ಬಣ್ಣಕ್ಕೆ ತಿರುಗಿತು. ಆದರೂ ವ್ಯವಹಾರಸ್ಥ. ಗಂಟಲು ಸರಿಮಾಡಿಕೊಂಡು, ದನಿ ಇಳಿಸಿ, "ಆತು ಬಿಡವಾ. ಆಗಿದ್ದು ಆತು. ಕೊಯ್ದ ಬೀಜ ಬಿಸಿಲಿಗೆ ಒಣಗಾಕ ಹತ್ತೇತಿ. ಇಳದು ಹಚ್ಚಿ ಬಿಡ್ರಿ," ಎಂದ.

ಬೀಜ ಒಣಗುವುದು ನಿಜ. ಖೈರುನಬಿಗೂ ಅದು ಸಂಕಟವೇ. ಯಾರ ಹೊಲದ್ದಾದರೂ ಕೊಯ್ದ ಗಡ್ಡೆ ಬಾಡುವುದನ್ನು ನೋಡಿಕೊಂಡು ಕೂರಲು ಅವಳಿಂದ ಆಗುತ್ತಿರಲಿಲ್ಲ.

"ಹಚ್ಚತೇವ್ರಿ," ಎಂದಳು. "ಕದ್ದು ಹಚ್ಚೂದಿಲ್ಲ. ಇವ್ರೆಲ್ಲಾ ಸಾಲಿನ ಬಾಜೂಕ ನಿಂತು ನೋಡಬೇಕು. ಮುಗಿಯೂ ತನಕಾ ಯಾರೂ ನೆಳ್ಳಿಗೆ ಹೋಗಬಾರ್ದು. ಮತ್ತ ಬೀಜದ ಬುಟ್ಟಿ ಹೊರಾಕ ಒಬ್ಬರು ಬೇಕು. ನಮ್ಮ ಕೈ ಮಣ್ಣಾಗ ಇರ್ತಾವ."

"ನಾ ಹಿಡೀತೇನ್ರಿ," ಎಂದು ಪ್ರಭು ಮುಂದೆ ಬಂದ.

"ನೀವು ಬ್ಯಾಡ. ನೀವು ಫೋಟೋ ತಗೀರಿ. ಎರಡು ವರ್ಷ ಬಟಾಟಿ ಫೋಟೋ ತಗದೀರಿ, ಇವತ್ತೊಂದಿನ ನಮ್ಮದು ತಗೀರಿ."

ಮಂದಿ ನಕ್ಕರು. ಶಿದ್ಲಿಂಗಪ್ಪ ನಗಲಿಲ್ಲ. ಕುಬೇರಪ್ಪನ ಕಡೆ ತಿರುಗಿದ.

"ಹೊಲ ನಿಂದು. ಬೀಜ ನಿಂದು. ಬುಟ್ಟಿ ಹಿಡಿ."

ಕುಬೇರಪ್ಪ ಸುತ್ತ ನೋಡಿದ. ಅಷ್ಟರಲ್ಲಿ ನೀಲಕ್ಕ ಟ್ರ್ಯಾಲಿಯಿಂದ ಬುಟ್ಟಿ ತುಂಬಿಸಿ ತಂದಳು. ಪಾಯಿಖಾನೆಯಿಂದ ಬಂದ ಬಾಷಾಬಿಗೆ ಅವಳೇ ತಂಬಿಗೆಯಲ್ಲಿ ನೀರು ಕೊಟ್ಟಿದ್ದಳು. ಗಂಡನ ಮುಖ ನೋಡದೆ ಬುಟ್ಟಿಯನ್ನು ಅವನ ಕೈಗೆ ಇಟ್ಟಳು. ಇಸ್ತ್ರಿ ಮಾಡಿದ ಅಂಗಿಗೆ ಹಸಿ ಮಣ್ಣು ಮೆತ್ತಿತು.

ಮೂವರೂ ಸಾಲಿಗೆ ಇಳಿದರು. ಖೈರುನಬಿ ಮುಂದೆ. ಬೆರಳು ಹಾಕಿದಳು, ತಡವಿದಳು, ಬುಟ್ಟಿಗೆ ಕೈ ಚಾಚಿದಳು, ಊರಿದಳು. ಮುಂದಿನ ಜಾಗ. ಬಿಸಿಲು ನೆತ್ತಿಗೆ ಬಂದಿತ್ತು. ರೈತರು ಸಾಲಿನ ಎರಡೂ ಬಾಜು ನಿಂತು ನೋಡಿದರು. ಮಣ್ಣಿನೊಳಗೆ ಹೋಗಿ ಬರುವ ಕೈ ಬಿಟ್ಟರೆ ಅಲ್ಲಿ ನೋಡಲು ಬೇರೇನೂ ಇರಲಿಲ್ಲ. ಅವಳ ಬೆನ್ನು ನೋಯುತ್ತಿತ್ತು, ಎಂದಿನ ಹಾಗೆಯೇ ನೋಯುತ್ತಿತ್ತು. ಇವತ್ತು ಅದನ್ನು ನಾಲ್ಕು ಮಂದಿ ನೋಡುತ್ತಿದ್ದಾರೆ ಎಂಬುದೇ ಅವಳಿಗೆ ದೊಡ್ಡ ಸಮಾಧಾನ.

ಅರ್ಧ ಸಾಲಿಗೆ ಕುಬೇರಪ್ಪನ ಧೋತರ ಮೊಣಕಾಲ ತನಕ ಕಪ್ಪಾಗಿತ್ತು. ಏದುಸಿರು ಬಿಡುತ್ತಿದ್ದ. ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಹಲ್ಲು ಕಚ್ಚಿ ಹೇಳಿದ:

"ನಾಳಿಂದ ನನ್ನ ಹೊಲದಾಗ ಕಾಲಿಡಬ್ಯಾಡ. ನೀ ಅಷ್ಟ ಅಲ್ಲ, ಮೂರೂ ಮಂದಿ."

"ನಾಳಿದು ನಾಳಿಗೆ ನೋಡೂಣ್ರಿ," ಎಂದಳು ಖೈರುನಬಿ, ಎಲ್ಲರಿಗೂ ಕೇಳುವ ಹಾಗೆ. "ಈಗ ಬುಟ್ಟಿ ಒಂದೀಟು ಕೆಳಗ ಹಿಡೀರಿ, ಕೈಗೆ ಸಿಗವಲ್ದು."

ಕುಬೇರಪ್ಪ ಬಗ್ಗಿದ.